ಹಾಲಿನ ಫಂಡಿನ ಪೆಟ್ಟಿಗೆ: ಏಳು ಭಾನುವಾರದ ರಿಪೇರಿ

ಪೆಟ್ಟಿಗೆ ಮೊದಲು ಕಂಡಾಗ ಅದರ ಮೇಲೆ ಒಂದು ಕೆಟ್ಟ ಟೇಬಲ್ ಫ್ಯಾನು, ಎರಡು ಫಿನೈಲ್ ಕ್ಯಾನು ಕೂತಿದ್ದವು. ಮೈಸೂರಿನ ಒಂದು ಹಳೇ ಧರ್ಮಾಸ್ಪತ್ರೆಯ ಸ್ಟೋರ್ ರೂಮು ಅದು. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ಮುಂದೆ ಬೀಗದ ಕೈ ಕಳೆದ ಕಥೆ ಬರುತ್ತದೆ, ಆ ಪಾಪವನ್ನು ಯಾರ ತಲೆಗೂ ಕಟ್ಟುವುದು ಬೇಡ. ಅಮ್ಮನ ಕಣ್ಣಿನ ಪೊರೆ ಆಪರೇಷನ್ನಿಗೆ ಹೋಗಿದ್ದೆವು. ಕೂತು ಕೂತು ಬೇಜಾರಾಗಿ ಕಾರಿಡಾರಿನಲ್ಲಿ ಅಡ್ಡಾಡುತ್ತಿದ್ದೆ. ರೂಮಿನ ಬಾಗಿಲು ತೆರೆದಿತ್ತು. ಫ್ಯಾನಿನ ಕೆಳಗೆ ತೇಗದ ಒಂದು ಮೂಲೆ ಇಣುಕುತ್ತಿತ್ತು. ನನಗೆ ಅಷ್ಟು ಸಾಕು.

ನಾನು ನಂಜನಗೂಡು ಕಡೆಯ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಫಿಟರ್. ಕಬ್ಬಿಣ ಹೊಟ್ಟೆಪಾಡು, ಮರ ಭಾನುವಾರದ ಹುಚ್ಚು. ಸೆಕ್ರೆಟರಿಯವರನ್ನು ಕೇಳಿದೆ. ಅವರು ಪೆಟ್ಟಿಗೆಯನ್ನು ಒಂದು ಸಲ ನೋಡಿ, ನನ್ನನ್ನು ಒಂದು ಸಲ ನೋಡಿ, "ತಗೊಂಡು ಹೋಗಿ, ಚೆನ್ನಾಗಿ ಮಾಡಿಕೊಟ್ಟರೆ ಲಾಬಿಯಲ್ಲಿ ಶೋಗೆ ಇಡೋಣ" ಅಂದರು. ಶೋಗೆ ಆದರೆ ನಾನು ಮಾಡುವುದಿಲ್ಲ, ದುಡ್ಡು ಹಾಕುವ ಹಾಗಿದ್ದರೆ ಮಾಡುತ್ತೇನೆ ಅಂದೆ. ಆಗಲಿ ಅಂದರು. ಆಟೋದಲ್ಲಿ ಕುವೆಂಪುನಗರಕ್ಕೆ ತರುವಾಗ ಅದರೊಳಗೆ ಏನೋ ಗಲ್ ಗಲ್ ಅನ್ನುತ್ತಿತ್ತು. ಆಟೋದವರು ಕನ್ನಡಿಯಲ್ಲಿ ನೋಡುತ್ತಲೇ ಇದ್ದರು.

ಅಗಲ 14 ಇಂಚು, ಎತ್ತರ 22, ಆಳ 10. ಹಲಗೆ ಮುಕ್ಕಾಲು ಇಂಚಿಗಿಂತ ದಪ್ಪ. ಮೂಲೆಗಳಿಗೆ ಕಬ್ಬಿಣದ ಪಟ್ಟಿ. ಮುಂದೆ ಚಿಕ್ಕ ಬಾಗಿಲು, ಅದರಲ್ಲಿ ಒಂದರ ಕೆಳಗೊಂದು ಎರಡು ಬೀಗದ ಕಿಂಡಿ. ನೆತ್ತಿಯ ಮೇಲೆ ಹಿತ್ತಾಳೆ ತುಂಡು, ಅದರಲ್ಲಿ ದುಡ್ಡು ಹಾಕುವ ಸೀಳು. ಎದೆಯ ಮೇಲೆ ಇನ್ನೊಂದು ಹಿತ್ತಾಳೆ ಫಲಕ, ಪೂರ್ತಿ ಕಪ್ಪಗಾಗಿತ್ತು. ಬೆರಳಿಗೆ ಎಂಜಲು ಹಚ್ಚಿ ಉಜ್ಜಿದೆ. ಒಂದೊಂದೇ ಅಕ್ಷರ ಎದ್ದು ಬಂತು: ಬಡ ರೋಗಿಗಳ ಹಾಲಿನ ಫಂಡು.

ನಿಧಿ ಅಂತ ಬರೆಸಬಹುದಿತ್ತು. ಫಂಡು ಅಂತಲೇ ಬರೆಸಿದ್ದಾರೆ. ನಮ್ಮ ಅಜ್ಜಿಯೂ ಹಾಗೇ ಅನ್ನುತ್ತಿದ್ದರು. "ಫಂಡಿಗೆ ಎಂಟಾಣೆ ಹಾಕಿ ಬಂದೆ" ಅಂದರೆ ದೇವಸ್ಥಾನದ ಹುಂಡಿ ಅಲ್ಲ, ಆಸ್ಪತ್ರೆಯದೋ ಅನಾಥಾಲಯದ್ದೋ ಡಬ್ಬಿ ಅಂತ ಅರ್ಥ.

ಮೈಸೂರಿನ ಹಳೇ ಆಸ್ಪತ್ರೆಗಳಲ್ಲಿ ದೊಡ್ಡ ದಾನಿಗಳ ಹೆಸರು ಹುಡುಕಬೇಕಾಗಿಲ್ಲ. ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆ, ಹೆಸರು ಹೇಳಿದರೆ ಅರಮನೆ ಬಂತು. ಕೆಆರ್‌ಎಸ್ ರಸ್ತೆಯ ಕ್ಷಯದ ಆಸ್ಪತ್ರೆಗೆ ಇರುವುದು ಕ್ಷಯದಿಂದಲೇ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರು. ನಾವೆಲ್ಲ ಮಿಷನ್ ಆಸ್ಪತ್ರೆ ಅನ್ನುವುದು ಮೇರಿ ಹೋಲ್ಡ್ಸ್‌ವರ್ತ್ ಅನ್ನುವ ಹೆಣ್ಣುಮಗಳ ನೆನಪಿನದು, 1906ರಲ್ಲಿ ಶುರುವಾದದ್ದು. ಈ ಪೆಟ್ಟಿಗೆಗೆ ಎಂಟಾಣೆ ಹಾಕಿದ ಅಜ್ಜಿಯರ ಲೆಕ್ಕ ಮಾತ್ರ ಯಾವ ಕಲ್ಲಿನ ಮೇಲೂ ಇಲ್ಲ.

ಸರಿ, ಕೆಲಸಕ್ಕೆ ಬರೋಣ.

ಬೀಗದ ಕೈ ಇಲ್ಲ. ಎರಡೂ ಇಲ್ಲ. ಯಾವಾಗ ಕಳೆಯಿತು, ಯಾರ ಹತ್ತಿರ ಇತ್ತು, ಯಾರಿಗೂ ಗೊತ್ತಿಲ್ಲ. ಡ್ರಿಲ್ ಹಾಕಿದರೆ ಐದು ನಿಮಿಷದ ಕೆಲಸ, ಆದರೆ ಬೀಗ ಸತ್ತುಹೋಗುತ್ತದೆ. ಪೆಟ್ಟಿಗೆಯ ಬೆನ್ನು ನೋಡಿದೆ. ಗೋಡೆಗೆ ಒರಗುವ ಕಡೆ ಎಂಟು ಸ್ಕ್ರೂ, ಎಲ್ಲ ತುಕ್ಕು ಹಿಡಿದು ಮರಕ್ಕೇ ಬೆಸುಗೆ ಆದ ಹಾಗಿದ್ದವು. ಬೆಸುಗೆ ಹಾಕುವ ಸೋಲ್ಡರಿಂಗ್ ಕಡ್ಡಿಯನ್ನು ಒಂದೊಂದು ಸ್ಕ್ರೂವಿನ ತಲೆಯ ಮೇಲೆ ಎರಡು ನಿಮಿಷ ಇಟ್ಟೆ. ಕಬ್ಬಿಣ ಕಾದು ಹಿಗ್ಗಿ, ಆರಿ ಕುಗ್ಗುವಾಗ ತುಕ್ಕಿನ ಹಿಡಿತ ಸಡಿಲವಾಗುತ್ತದೆ. ಏಳು ಬಂದವು. ಎಂಟನೆಯದರ ತಲೆ ಮುರಿಯಿತು. ಏಳಕ್ಕೆ ಏಳು ಬಂದಾಗ ನಾನು ಹೆಂಡತಿಗೆ ಜಂಬ ಕೊಚ್ಚಿಕೊಂಡಿದ್ದೆ, ಅದಕ್ಕೇ ಮುರಿದದ್ದು.

ಒಳಗೆ ಎರಡು ತಗಡಿನ ಜಾರುಹಲಗೆ. ಒಂದು ಈ ಕಡೆಯಿಂದ ಇಳಿಜಾರು, ಇನ್ನೊಂದು ಆ ಕಡೆಯಿಂದ. ಕೆಳಗಿನದು ತುಕ್ಕು ತಿಂದು ಜರಡಿಯಾಗಿತ್ತು. ಅದರ ಹಿಂದೆ ಸಿಕ್ಕಿಕೊಂಡಿದ್ದೇ ಗಲ್ ಗಲ್ ಅನ್ನುತ್ತಿದ್ದದ್ದು: ಅಲೆಅಲೆ ಅಂಚಿನ ಅಲ್ಯೂಮಿನಿಯಂ 10 ಪೈಸೆ ಮೂರು, ಒಂದು ಹೇರ್‌ಪಿನ್ನು, ಮತ್ತೆ ಒಂದು ತೂತಿನ ಕಾಸು. ಇದು ಯುದ್ಧಕಾಲದ್ದು, 1943ರಿಂದ 47ರವರೆಗೆ ಹೊರಟದ್ದು. ತಾಮ್ರ ಉಳಿಸಲಿಕ್ಕೆ ನಾಣ್ಯದ ನಡುವೆ ದೊಡ್ಡ ತೂತು ಬಿಟ್ಟಿದ್ದರು. ರೂಪಾಯಿಗೆ 64 ಇಂಥವು. ಮೇಲಿನ ಜಾರುಹಲಗೆಗೂ ಪೆಟ್ಟಿಗೆಯ ತಳಕ್ಕೂ ಏನೋ ಕಪ್ಪನೆ ಬಟ್ಟೆ ಅಂಟಿಸಿದ್ದರು. ನುಸಿ ತಿಂದು, ಇಲಿ ವಾಸನೆ ಹೊಡೆಯುತ್ತಿತ್ತು. ಕೆರೆದು ತೆಗೆದು, ಸೋಮವಾರ ಬೆಳಗ್ಗೆ ಕಸದ ಗಾಡಿಗೆ ಹಾಕಿದೆ.

ಎರಡನೇ ಭಾನುವಾರ ಪೂರ್ತಿ ಮರಕ್ಕೆ ಹೋಯಿತು. ತಳದ ಹಲಗೆಯ ಹಿಂಭಾಗ ಗೆದ್ದಲು ತಿಂದಿತ್ತು. ಕೆಚ್ಚು ಇರುವ ತೇಗಕ್ಕೆ ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಆದರೆ ಈ ಹಲಗೆಯ ಒಂದು ಅಂಚಿನಲ್ಲಿ ಎರಡು ಇಂಚು ಬಿಳಿ ಮರ, ಅಂದರೆ ಕೆಚ್ಚಿನ ಹೊರಗಿನ ಹಸಿ ಭಾಗ ಸೇರಿತ್ತು. ಆಸಾರಿ ಜಿಪುಣತನ ಮಾಡಿದ್ದೋ, ಆಸ್ಪತ್ರೆಯವರು ಕೊಟ್ಟ ದುಡ್ಡೇ ಅಷ್ಟೋ. ಗೆದ್ದಲು ಅಳತೆಪಟ್ಟಿ ಇಟ್ಟ ಹಾಗೆ ಬಿಳಿ ಮರವನ್ನು ಮಾತ್ರ ತಿಂದು, ಕೆಚ್ಚಿನ ಗೆರೆಗೆ ಬಂದು ನಿಂತಿದೆ. ನೋಡಲಿಕ್ಕೆ ಚೆಂದ ಇತ್ತು, ನಿಜ ಹೇಳಬೇಕೆಂದರೆ.

ಮಂಡಿ ಮೊಹಲ್ಲಾದಲ್ಲಿ ನನಗೆ ಪರಿಚಯದ ಒಬ್ಬರು ಬೀಟೆ ಮರದ ಕೆತ್ತುಕೂರಿಸುವ ಕೆಲಸ ಮಾಡುತ್ತಾರೆ. ಮೈಸೂರಿನ ಇನ್‌ಲೇ ಕೆಲಸ ಅಂದರೆ ಇಂಥವರದೇ. ಅವರ ಹತ್ತಿರ ಹಳೇ ಕಿಟಕಿ ಚೌಕಟ್ಟಿನ ತೇಗ ಸಿಕ್ಕಿತು. ತಿಂದ ಭಾಗವನ್ನು ಗರಗಸದಲ್ಲಿ ನೇರ ಕತ್ತರಿಸಿ, ಹೊಸ ತುಂಡು ಕೂರಿಸಿ, ಸರೇಸು ಹಚ್ಚಿ ಕ್ಲಾಂಪ್ ಬಿಗಿದೆ. ಫೆವಿಕಾಲ್ ಇರಲಿಲ್ಲ ಅಂತಲ್ಲ. ಇನ್ನು ಐವತ್ತು ವರ್ಷಕ್ಕೆ ಯಾರಾದರೂ ಬಿಚ್ಚಬೇಕಾದರೆ ಸರೇಸು ಬಿಸಿನೀರಿಗೆ ಬಿಡುತ್ತದೆ, ಫೆವಿಕಾಲ್ ಹಾಗೆ ಸುಲಭಕ್ಕೆ ಬಿಡುವುದಿಲ್ಲ. ಅವರಿಗೆ ಇದನ್ನು ಹೇಳಿದಾಗ "ಐವತ್ತು ವರ್ಷಕ್ಕೆ ಆಸ್ಪತ್ರೆ ಇರಬೇಕಲ್ಲ ಸ್ವಾಮಿ" ಅಂತ ನಕ್ಕರು. ತುಂಡಿಗೆ ದುಡ್ಡು ತಗೊಳ್ಳಲಿಲ್ಲ. "ಹಾಲಿನ ಫಂಡಿಗೆ" ಅಂದರು.

ಕಬ್ಬಿಣದ ಪಟ್ಟಿಗಳಿಗೆ ಬಣ್ಣ ಹೊಡೆಯಲು ಮನಸ್ಸಾಗಲಿಲ್ಲ. ತಂತಿ ಬ್ರಷ್ಷಿನಲ್ಲಿ ಸಡಿಲ ತುಕ್ಕು ಉದುರಿಸಿ, ಗ್ರಂಥಿಗೆ ಅಂಗಡಿಯಿಂದ ಅಳಲೆಕಾಯಿ ತಂದು ಕುಟ್ಟಿ ಕಷಾಯ ಕಾಸಿದೆ. ಹಿಂದೆ ಕಪ್ಪು ಶಾಯಿ ಮಾಡುತ್ತಿದ್ದದ್ದು ಇದರಿಂದಲೇ. ಅಳಲೆಕಾಯಿಯ ಒಗರು ಕಬ್ಬಿಣಕ್ಕೆ ಸೇರಿದರೆ ಕಡುಗಪ್ಪು ಬಣ್ಣ ಹುಟ್ಟುತ್ತದೆ. ಮೂರು ಸಲ ಬಳಿದ ಮೇಲೆ ಪಟ್ಟಿಗಳು ಕಾಗೆರೆಕ್ಕೆಯ ಹಾಗಾದವು. ಮೇಲೆ ತೆಳುವಾಗಿ ಅಗಸೆ ಎಣ್ಣೆ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ.

ಬೀಗ ನನ್ನ ಇಷ್ಟದ ಭಾಗ. ಬೆನ್ನಿನ ಹಲಗೆ ಬಿಚ್ಚಿದ್ದರಿಂದ ಒಳಗಿನಿಂದ ಕೈ ಹಾಕಿ ಎರಡೂ ಬೀಗಗಳನ್ನು ಬಾಗಿಲಿನಿಂದ ಬಿಡಿಸಿದೆ. ಮುಚ್ಚಳ ತೆಗೆದರೆ ಪ್ರತಿಯೊಂದರಲ್ಲೂ ನಾಲ್ಕು ಹಿತ್ತಾಳೆ ಎಲೆ, ಒಂದರ ಮೇಲೊಂದು. ಪ್ರತಿ ಎಲೆಯಲ್ಲೂ ಒಂದು ಕಚ್ಚು. ಬೀಗದ ಕೈ ತಿರುಗಿದಾಗ ಅದರ ಮೆಟ್ಟಿಲುಗಳು ಒಂದೊಂದು ಎಲೆಯನ್ನು ಒಂದೊಂದು ಎತ್ತರಕ್ಕೆ ಎತ್ತುತ್ತವೆ. ನಾಲ್ಕೂ ಕಚ್ಚು ಒಂದೇ ಗೆರೆಗೆ ಬಂದರೆ ಮಾತ್ರ ನಾಲಿಗೆ ಹಿಂದೆ ಜಾರುತ್ತದೆ. ಒಂದು ಎಲೆ ಕೂದಲೆಳೆ ಜಾಸ್ತಿ ಎದ್ದರೂ ಇಲ್ಲ, ಕಡಿಮೆ ಎದ್ದರೂ ಇಲ್ಲ. ಮೇಲಿನ ಬೀಗದಲ್ಲಿ ಎರಡು ಎಲೆಗಳ ಸ್ಪ್ರಿಂಗ್ ಮುರಿದಿತ್ತು. ಕಾರ್ಖಾನೆಯಲ್ಲಿ ಉಳಿದಿದ್ದ 0.3 ಮಿ.ಮೀ. ಫಾಸ್ಫರ್ ಬ್ರಾಂಜ್ ಪಟ್ಟಿಯಿಂದ ಹೊಸದು ಬಾಗಿಸಿ ಕೂರಿಸಿದೆ. ಉಕ್ಕು ಹಾಕಿದ್ದರೆ ಮತ್ತೆ ತುಕ್ಕು.

ಬೀಗದ ಕೈ ಮಾಡುವುದು ತಾಳ್ಮೆಯ ಕೆಲಸ. ಖಾಲಿ ಕೀಲಿಗೆ ಮೇಣದಬತ್ತಿಯ ಮಸಿ ಹಿಡಿಸಿ, ಒಳಗೆ ಹಾಕಿ ತಿರುಗಿಸಿ, ಎಲೆ ಎಲ್ಲಿ ಮಸಿ ಒರೆಸಿದೆಯೋ ಅಲ್ಲಿ ಅರದಲ್ಲಿ ಎರಡು ಎಳೆತ. ಮತ್ತೆ ಮಸಿ, ಮತ್ತೆ ಎರಡು ಎಳೆತ. ಮೊದಲ ಕೈಗೆ ಮೂರು ಗಂಟೆ ಹಿಡಿಯಿತು. ಎರಡನೆಯದಕ್ಕೆ ಅದೇ ಮೆಟ್ಟಿಲು ಬರಬಹುದು ಅಂದುಕೊಂಡೆ. ಬರಲಿಲ್ಲ. ಎರಡು ಬೀಗ, ಎರಡು ಬೇರೆ ಬೇರೆ ಕೈ. ಒಂದು ಕೈ ಇದ್ದವರು ಇನ್ನೊಂದು ಕೈ ಇದ್ದವರನ್ನು ಕರೆಯದೆ ಬಾಗಿಲು ತೆರೆಯುವ ಹಾಗೇ ಇಲ್ಲ.

ಈ ಉಪಾಯ ಬಹಳ ಹಳೆಯದು. 1199ರ ಕೊನೆಯಲ್ಲಿ ಮೂರನೇ ಇನ್ನೊಸೆಂಟ್ ಅನ್ನುವ ಪೋಪ್, ತಮ್ಮ ಧರ್ಮಯುದ್ಧಕ್ಕೆ ದುಡ್ಡು ಸೇರಿಸಲು ಚರ್ಚುಗಳಲ್ಲಿ ಒಂದೊಂದು ಪೆಟ್ಟಿಗೆ ಇಡಿಸಿದರು. ಅದಕ್ಕೆ ಮೂರು ಬೀಗದ ಕೈ: ಒಂದು ಬಿಷಪ್ಪರ ಹತ್ತಿರ, ಒಂದು ಅಲ್ಲಿನ ಪಾದ್ರಿಯ ಹತ್ತಿರ, ಇನ್ನೊಂದು ಊರಿನ ಒಬ್ಬ ಭಕ್ತ ಗೃಹಸ್ಥನ ಹತ್ತಿರ. ಪಾದ್ರಿಯನ್ನೂ ನಂಬಲಿಲ್ಲ, ಬಿಷಪ್ಪರನ್ನೂ ನಂಬಲಿಲ್ಲ ಅಂತ ಹೇಳಬಹುದು. ನಾನು ಟೂಲ್ ರೂಮಿನವನು, ನನಗೆ ಬೇರೆ ತರ ಕಾಣುತ್ತದೆ. ದುಡ್ಡು ಎಣಿಸುವವನ ಮೇಲೆ ಯಾರೂ ಬೆರಳು ತೋರಿಸಬಾರದು ಅಂತಿದ್ದರೆ ಅವನನ್ನು ಒಬ್ಬನೇ ಎಣಿಸಲು ಬಿಡಬಾರದು. ಎರಡನೇ ಬೀಗ ಅವನ ರಕ್ಷಣೆಗೆ.

ನಾಲ್ಕನೇ ಭಾನುವಾರ ನಾನು ಮಾಡಿದ ತಪ್ಪು ಬರೆಯಲೇಬೇಕು. ಹಿತ್ತಾಳೆ ಫಲಕವನ್ನು ಮನೆಯ ದೀಪ ತಿಕ್ಕುವ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ಹೊಳೆಯಿತು, ಚಿನ್ನದ ಹಾಗೆ. ಆಮೇಲೆ ಬಿಸಿಲಿಗೆ ಹಿಡಿದು ನೋಡಿದರೆ ಅಲ್ಲಲ್ಲಿ ಗುಲಾಬಿ ಬಣ್ಣದ ಕಲೆ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಹುಳಿಯಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಮೇಲ್ಮೈಯ ಸತು ಕರಗಿ ತಾಮ್ರ ಮಾತ್ರ ಉಳಿಯುತ್ತದೆ. ಫೋನ್ ಬಂತು ಅಂತ ಹುಣಸೆ ಬಳಿದು ಹಾಗೇ ಬಿಟ್ಟು ಹೋಗಿದ್ದೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ. ಕೊರೆದ ಅಕ್ಷರಗಳ ಒಳಗೆ ಕಪ್ಪು ಅರಗು ತುಂಬಿದ್ದರು. ಅದು ಮೊದಲೇ ಒಡೆದು ಸಡಿಲವಾಗಿತ್ತು, ತಿಕ್ಕಿದಾಗ ಅರ್ಧಕ್ಕರ್ಧ ಉದುರಿಹೋಗಿತ್ತು. 'ಹಾಲಿನ' ಅನ್ನುವುದು 'ಹಲನ' ಆಗಿ ಕೂತಿತ್ತು.

ಗುಲಾಬಿ ಕಲೆಗಳನ್ನು ಬ್ರಾಸೋ ಹಚ್ಚಿ ಒಂದು ಗಂಟೆ ಉಜ್ಜಿ ಕಳೆದೆ. ಅಕ್ಷರಕ್ಕೆ ಅರಗು ಬೇಕು. ಮೈಸೂರಿನಲ್ಲಿ ಕೂತು ಅರಗಿಗೆ ಅಳುವುದೇ? 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಇದ್ದದ್ದೇ ಅರಗಿನ ಮೇಲೆ. ಈಗ ಅದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ನಮ್ಮೆಲ್ಲರ ಬೆರಳಿಗೆ ಬಳಿಯುವ ಶಾಯಿ ಅಲ್ಲಿಯದೇ. ಮತಪೆಟ್ಟಿಗೆಗೆ ಹಾಕುವ ಮುದ್ರೆಯ ಅರಗನ್ನೂ ಅವರು ಮಾಡುತ್ತಾರೆ. ಸಂತೆಪೇಟೆಯಲ್ಲಿ ಒಂದು ಕಡ್ಡಿ ಮುದ್ರೆ ಅರಗು ಕೊಂಡು, ಅದನ್ನು ಕರಗಿಸಿ ದೀಪದ ಕಾಡಿಗೆ ಬೆರೆಸಿ ಕಪ್ಪು ಮಾಡಿಕೊಂಡೆ. ಫಲಕವನ್ನು ದೋಸೆ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಕಾಯಿಸಿ, ಅರಗಿನ ಕಡ್ಡಿಯನ್ನು ಅಕ್ಷರದ ಮೇಲೆ ಎಳೆದರೆ ಬೆಣ್ಣೆಯ ಹಾಗೆ ಕರಗಿ ಗೀರಿಗೆ ಇಳಿಯುತ್ತದೆ. ಆರಿದ ಮೇಲೆ ಸಣ್ಣ ಉಪ್ಪುಕಾಗದವನ್ನು ಮರದ ತುಂಡಿಗೆ ಸುತ್ತಿ ಸಮವಾಗಿ ತಿಕ್ಕಿದರೆ ಹಿತ್ತಾಳೆ ಬೆಳ್ಳಗೆ, ಅಕ್ಷರ ಕಪ್ಪಗೆ. ಕಾವಲಿಯ ವಿಷಯ ಮನೆಯಲ್ಲಿ ಇನ್ನೂ ತಣ್ಣಗಾಗಿಲ್ಲ.

ಮರಕ್ಕೂ ಅರಗಿನ ಪಾಲಿಶ್ ಕೊಡಬೇಕು ಅಂತಿದ್ದೆ. ಹಳೇ ಪಾಲಿಶ್ ಅದೇ. ಆಮೇಲೆ ಹೊಳೆಯಿತು: ಇದು ಇಡುವುದು ಆಸ್ಪತ್ರೆಯಲ್ಲಿ. ಹತ್ತು ಹೆಜ್ಜೆಗೊಂದು ಸ್ಯಾನಿಟೈಸರ್. ಜನ ಕೈಗೆ ಒತ್ತಿಕೊಂಡು ಒದ್ದೆ ಕೈಯಲ್ಲಿ ಪೆಟ್ಟಿಗೆ ಮುಟ್ಟುತ್ತಾರೆ. ಅರಗಿನ ಪಾಲಿಶ್ ಕರಗುವುದೇ ಸ್ಪಿರಿಟ್ಟಿನಲ್ಲಿ. ಒಂದೇ ತಿಂಗಳಲ್ಲಿ ಜಿಗುಟು ಜಿಗುಟಾಗಿ, ಮೇಲೆ ಬೆರಳಿನ ಗುರುತು ಕೂತುಬಿಡುತ್ತದೆ. ಹೊರಗೆ ಅಗಸೆ ಎಣ್ಣೆ ಮತ್ತು ಜೇನುಮೇಣ, ಒಳಗೆ ಮಾತ್ರ ಅರಗು. ಅಷ್ಟೇ.

ಐದನೇ ಭಾನುವಾರ ಕಳ್ಳತನದ ದಿನ. ಜಾರುಹಲಗೆ ಎರಡನ್ನೂ ಹೊಸ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ತಗಡಿನಲ್ಲಿ ಮಾಡಿದ್ದೆ. ಇವು ಇರುವುದು ದುಡ್ಡು ಇಳಿಯಲಿಕ್ಕಲ್ಲ. ಸೀಳಿನಿಂದ ನೇರ ತಳಕ್ಕೆ ದಾರಿ ಇರಬಾರದು, ಅದಕ್ಕೆ. ದಾರಿ ಇದ್ದರೆ ಏನಾಗುತ್ತದೆ ಅಂತ ಹಳ್ಳಿಯ ಗುಡಿ ಇರುವ ಎಲ್ಲರಿಗೂ ಗೊತ್ತು. ತೆಂಗಿನಗರಿಯ ಕಡ್ಡಿ, ತುದಿಗೆ ಹಲಸಿನ ಮೇಣ, ಒಳಗೆ ಬಿಟ್ಟು ಮೆಲ್ಲಗೆ ಎತ್ತುವುದು. ಅಕ್ಕನ ಮಗ ಹತ್ತನೇ ಕ್ಲಾಸು. ಹಲಸಿನ ಕಾಲ ಬೇರೆ. ಐವತ್ತು ರೂಪಾಯಿಯ ಚಿಲ್ಲರೆ, ನೋಟು ಒಳಗೆ ಹಾಕಿ, "ತೆಗೆದದ್ದೆಲ್ಲ ನಿನ್ನದು" ಅಂದೆ. ನಾಲ್ಕೇ ನಿಮಿಷದಲ್ಲಿ 20ರ ಒಂದು ನೋಟು ಎತ್ತಿದ. ಕಡ್ಡಿ ಬಾಗುತ್ತದೆ ಅನ್ನುವುದನ್ನು ನಾನು ಮರೆತಿದ್ದೆ, ಅವನು ಮರೆತಿರಲಿಲ್ಲ.

ಎರಡು ತಗಡಿನ ತುದಿಗಳು ಒಂದನ್ನೊಂದು ದಾಟುವ ಅಳತೆಯನ್ನು 15 ಮಿ.ಮೀ.ನಿಂದ 40ಕ್ಕೆ ಏರಿಸಿದೆ. ಮೇಲಿನ ತಗಡಿನ ಅಂಚನ್ನು ಕೆಳಕ್ಕೆ ಮಡಿಸಿ ತುಟಿ ಮಾಡಿದೆ. ಈಗ ಕಡ್ಡಿ ಒಳಗೆ ಹೋಗುತ್ತದೆ, ಹೊರಗೆ ಬರುವಾಗ ಮೇಣಕ್ಕೆ ಅಂಟಿದ್ದು ತುಟಿಗೆ ತಗಲಿ ಬಿದ್ದುಹೋಗುತ್ತದೆ. ಹುಡುಗ ಊಟದ ತನಕ ಪ್ರಯತ್ನ ಪಟ್ಟು, ಬೈದುಕೊಂಡು ಎದ್ದ.

ಸೀಳನ್ನು ಮುಟ್ಟಲಿಲ್ಲ. 38 ಮಿ.ಮೀ. ಉದ್ದ, 6 ಅಗಲ. ಜಾರ್ಜ್ ದೊರೆಯ ಬೆಳ್ಳಿ ರೂಪಾಯಿ ಸುಮಾರು 30 ಮಿ.ಮೀ. ಇರುತ್ತಿತ್ತು, ತೂಕ ಸರಿಯಾಗಿ ಒಂದು ತೊಲ. ಅದು ಆರಾಮಾಗಿ ಹೋಗಲಿ ಅಂತ ಇಟ್ಟ ಅಳತೆ ಇರಬೇಕು. ನಮ್ಮ ಈಗಿನ 10 ರೂಪಾಯಿ, ಹನ್ನೆರಡು ಮೂಲೆಯ 20 ರೂಪಾಯಿ, ಎರಡೂ 27 ಮಿ.ಮೀ. ನೋಟು ನಾಲ್ಕು ಮಡಿಕೆ ಮಾಡಿದರೆ ಸಲೀಸು. ಹಾಕಿ ನೋಡೋಣ ಅಂತ ಬೆನ್ನಿನ ಹಲಗೆ ಮುಚ್ಚಿ ಒಂದು ರೂಪಾಯಿ ಬಿಟ್ಟೆ.

ಠಣ್. ಆಮೇಲೆ ಇನ್ನೊಂದು ತಗಡಿಗೆ ಟಣ್. ಆಮೇಲೆ ತಳದಲ್ಲಿ ಟಕ್, ಉರುಳಿ ಉರುಳಿ ನಿಂತಿತು. ಪಕ್ಕದ ರೂಮಿನಿಂದ ಅಮ್ಮ "ಎಷ್ಟು ಹಾಕಿದೆಯೋ, ಒಂದು ರೂಪಾಯಿಯಾ?" ಅಂದರು. ಕಣ್ಣಿಗೆ ಇನ್ನೂ ಕಪ್ಪು ಕನ್ನಡಕ ಹಾಕಿಕೊಂಡಿದ್ದರು. ಬರೀ ಸದ್ದಿನಲ್ಲಿ ಹೇಳಿದ್ದು.

ಆಗ ನನಗೆ ಆ ಕಪ್ಪು ಬಟ್ಟೆ ನೆನಪಾಯಿತು.

ಅದು ಕಂಬಳಿ. ಕಸದ ಗಾಡಿಗೆ ಹೋಗಿ ಹೆಚ್ಚುಕಡಿಮೆ ನಾಲ್ಕು ವಾರ ಆಗಿತ್ತು. ಪುಣ್ಯಕ್ಕೆ ಹಳೇ ತಗಡಿನ ಮೇಲೆ ಹೆಬ್ಬೆರಳಿನಷ್ಟು ಚೂರು ಉಳಿದಿತ್ತು. ಭೂತಗನ್ನಡಿಯಲ್ಲಿ ನೋಡಿದೆ. ಒರಟು ಕರಿ ಉಣ್ಣೆ, ಕೈಯಲ್ಲಿ ನೂತದ್ದು, ಹುಣಸೆಬೀಜದ ಗಂಜಿ ಕುಡಿದು ಗಡುಸಾದದ್ದು. ನಮ್ಮ ಕಡೆಯ ಕುರುಬರ ಕಂಬಳಿಯೇ. ಬೇಕಂತಲೇ ಅಂಟಿಸಿದ್ದಾರೆ, ನಾಣ್ಯ ಮೊದಲು ಬಂದು ಬಡಿಯುವ ಜಾಗಕ್ಕೆ ಮತ್ತು ಕೊನೆಗೆ ಬೀಳುವ ಜಾಗಕ್ಕೆ. ಮಾರನೇ ದಿನ ಆಸ್ಪತ್ರೆಗೆ ಫೋನ್ ಮಾಡಿ, ಅಲ್ಲಿ ತುಂಬಾ ವರ್ಷ ಕೆಲಸ ಮಾಡಿ ರಿಟೈರ್ ಆದ ಒಬ್ಬರು ನರ್ಸ್ ಹತ್ತಿರ ಮಾತಾಡಿದೆ. "ವಾರ್ಡಿನ ಬಾಗಿಲ ಪಕ್ಕ ಇತ್ತಲ್ಲಪ್ಪ, ರೋಗಿಗಳು ಮಲಗಿರ್ತಿದ್ರು" ಅಂದರು. ಸರಿ, ಅದೂ ಕಾರಣ. ಆದರೆ ಅಮ್ಮ ಹೇಳಿದ್ದು ಬೇರೆ. "ಒಂದಾಣೆ ಹಾಕೋರಿಗೂ ಒಂದು ಮರ್ಯಾದೆ ಬೇಡ್ವಾ?" ಅಂದರು. ಹಿಂದಿರುವವರಿಗೆ ಬೆಳ್ಳಿ ರೂಪಾಯಿ ಬಿತ್ತೋ ತೂತಿನ ಕಾಸು ಬಿತ್ತೋ ಗೊತ್ತಾಗಬಾರದು. ನನಗೆ ಅಮ್ಮನ ಕಾರಣವೇ ಹಿಡಿಸಿತು. ಆ ತೂತಿನ ಕಾಸು ಹಾಕಿದವರು ಯಾರೋ, ಅವರ ಸದ್ದನ್ನು ನುಂಗಿದ್ದ ಬಟ್ಟೆಯನ್ನು ಕೆರೆದು ಬಿಸಾಕಿದವನು ನಾನು.

ಸಣ್ಣ ದುಡ್ಡಿಗೆ ಆಸ್ಪತ್ರೆಗಳು ಬದುಕಿದ್ದು ನಮ್ಮಲ್ಲಿ ಮಾತ್ರ ಅಲ್ಲ. ಬ್ರಿಟನ್ನಿನಲ್ಲಿ ಆಸ್ಪತ್ರೆಗಳ ಮುಂಭಾಗದಲ್ಲಿ, ಜನರು ಸ್ವಂತ ಇಷ್ಟದಿಂದ ಕೊಟ್ಟ ದುಡ್ಡಿನಿಂದ ನಡೆಯುತ್ತಿದೆ ಅಂತ ದೊಡ್ಡ ಅಕ್ಷರದಲ್ಲಿ ಬರೆಸಿರುತ್ತಿದ್ದರು. 1873ರಲ್ಲಿ ಲಂಡನ್ನಿನಲ್ಲಿ ಹಾಸ್ಪಿಟಲ್ ಸಂಡೇ ಶುರುವಾಯಿತು: ವರ್ಷದ ಒಂದು ಭಾನುವಾರ ಚರ್ಚುಗಳ ಕಾಣಿಕೆಯೆಲ್ಲ ಆಸ್ಪತ್ರೆಗೆ. ಅದರ ಬೆನ್ನಿಗೇ ಕೆಲಸಗಾರರಿಗೆ ಹಾಸ್ಪಿಟಲ್ ಸ್ಯಾಟರ್ಡೇ ಬಂತು. ಶನಿವಾರ ಯಾಕೆಂದರೆ ಬಟವಾಡೆ ಆಗುತ್ತಿದ್ದದ್ದು ಅವತ್ತು. ಕೈಯಲ್ಲಿ ದುಡ್ಡಿರುವಾಗಲೇ ಡಬ್ಬಿ ಮುಂದೆ ಹಿಡಿಯಬೇಕು, ಕಾರ್ಖಾನೆಯಲ್ಲಿ ಗಣೇಶನ ಚಂದಾ ಎತ್ತುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1948ರ ಜುಲೈ 5ಕ್ಕೆ ಅಲ್ಲಿ ಸರ್ಕಾರವೇ ಆಸ್ಪತ್ರೆಗಳನ್ನು ವಹಿಸಿಕೊಂಡ ಮೇಲೆ ಆ ಡಬ್ಬಿಗಳ ಕೆಲಸ ಕಡಿಮೆಯಾಯಿತು. ನಾವು ಶಾಲೆಯಲ್ಲಿ ಟಿಬಿ ಸೀಲ್ ಮಾರುತ್ತಿದ್ದೆವಲ್ಲ, ಅಂಚೆಚೀಟಿಯ ಹಾಗಿನದು, ಅದರ ಮೂಲ 1904ರ ಡೆನ್ಮಾರ್ಕು. ಐನಾರ್ ಹೋಲ್ಬೋಲ್ ಅನ್ನುವ ಒಬ್ಬ ಅಂಚೆ ಗುಮಾಸ್ತರ ತಲೆಯಲ್ಲಿ ಹುಟ್ಟಿದ್ದು: ಕ್ರಿಸ್‌ಮಸ್ ಕಾಗದಗಳ ಮೇಲೆ ಒಂದು ಸಣ್ಣ ಚೀಟಿ ಜಾಸ್ತಿ ಅಂಟಿಸಿದರೆ ಕ್ಷಯದ ಮಕ್ಕಳಿಗೆ ಆಸ್ಪತ್ರೆ. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಆ ಸೀಲುಗಳನ್ನು ಸೈಕಲ್ಲಿಗೆ ಅಂಟಿಸಿಕೊಂಡಿದ್ದ, ದುಡ್ಡು ಮಾತ್ರ ಕೊಡಲೇ ಇಲ್ಲ.

ಆರನೇ ಭಾನುವಾರ ಕಂಬಳಿ ಹುಡುಕಾಟ. ಅಂಗಡಿಯಲ್ಲಿ ಸಿಗುವುದು ನೈಲಾನ್ ಬೆರೆತದ್ದು. ಮಳವಳ್ಳಿ ಹತ್ತಿರ ಅಮ್ಮನ ತೌರಿನಲ್ಲಿ ಅಟ್ಟದ ಮೇಲೆ ತಾತನ ಕಂಬಳಿ ಇತ್ತು. ಮಾವ ಕೊಡಲು ಒಪ್ಪಲಿಲ್ಲ, ಕೊನೆಗೆ ಇಲಿ ಕಡಿದ ಅಂಚಿನಿಂದ ಒಂದು ಗೇಣು ಕೊಟ್ಟರು. ಮೈದಾ ಅಂಟಿನಲ್ಲಿ ಅಂಟಿಸೋಣ ಅಂತ ಮೊದಲು ಯೋಚನೆ. ಪುಸ್ತಕ ಬೈಂಡ್ ಮಾಡುವವರು ಹುಳ ಹಿಡಿಯದಿರಲಿ ಅಂತ ಮೈದಾಕ್ಕೆ ಮೈಲುತುತ್ತ ಬೆರೆಸುತ್ತಾರೆ. ಆದರೆ ಜಿಐ ತಗಡಿನ ಮೇಲೆ ಮೈಲುತುತ್ತ ಬಿದ್ದರೆ ತಗಡಿನ ಸತುವನ್ನೇ ತಿನ್ನುತ್ತದೆ. ದಪ್ಪ ಅರಗಿನ ದ್ರಾವಣದಲ್ಲಿ ಅಂಟಿಸಿದೆ.

ಮೊದಲ ನಾಣ್ಯ ಬಿಟ್ಟರೆ ಸದ್ದೇ ಇಲ್ಲ. ಯಾಕೆಂದರೆ ಅದು ಕೆಳಗೆ ಹೋಗಲೇ ಇಲ್ಲ. ಉಣ್ಣೆಯ ಮೇಲೆ ಬೆಕ್ಕಿನ ಹಾಗೆ ಕೂತಿತ್ತು. ಇಳಿಜಾರು 35 ಡಿಗ್ರಿ ಬರೀ ತಗಡಿಗೆ ಸಾಕಿತ್ತು, ಕಂಬಳಿಗೆ ಸಾಲದು. 45 ಮಾಡಿದೆ, ನಾಣ್ಯ ಹೋಯಿತು, ನೋಟು ನಿಂತಿತು. ಕಂಬಳಿಯನ್ನೇ ತಿರುಗಿಸಿ ನೋಡಿದೆ. ಕೈಯಲ್ಲಿ ಸವರಿದರೆ ಒಂದು ಕಡೆಗೆ ನುಣುಪು, ಅಡ್ಡಕ್ಕೆ ಒರಟು. ನುಣುಪು ಕೆಳಮುಖವಾಗಿ ಬರುವ ಹಾಗೆ ಕತ್ತರಿಸಿ, 50 ಡಿಗ್ರಿಗೆ ಇಟ್ಟೆ. ನಾಣ್ಯ ಬಿಟ್ಟೆ. ಪುಸ್ ಅಂತ ಒಂದು ಉಸಿರು, ಆಮೇಲೆ ತಗಡಿನ ಮೇಲೆ ಸಣ್ಣಗೆ ಸರ್, ಆಮೇಲೆ ಏನಿಲ್ಲ. ಹಳೇ ತಗಡಿನ ಕೋನ ಅಳೆಯಬೇಕು ಅಂತ ಆಗ ಬುದ್ಧಿ ಬಂತು. ತುಕ್ಕು ಹಿಡಿದ ತುಂಡನ್ನು ಜೋಡಿಸಿ ಪ್ರೊಟ್ರ್ಯಾಕ್ಟರ್ ಇಟ್ಟೆ. 50.

ಅಮ್ಮನನ್ನು ಪಕ್ಕದ ರೂಮಿನಲ್ಲಿ ಕೂರಿಸಿ ಒಂದು ರೂಪಾಯಿ, ಐದು, ಹತ್ತು, ಇಪ್ಪತ್ತು ಒಂದೊಂದೇ ಹಾಕಿದೆ. "ಹಾಕಿದ್ಯಾ?" ಅಂತ ಮಾತ್ರ ಕೇಳಿದರು.

ಏಳನೇ ಭಾನುವಾರ ಗೋಡೆಗೆ ಹಾಕಲು ಹೋದರೆ ಅಲ್ಲಿ ಹೊಸ ತಕರಾರು. ಪೆಟ್ಟಿಗೆಯ ಮುಂಭಾಗಕ್ಕೆ ಕ್ಯೂಆರ್ ಸ್ಟಿಕ್ಕರ್ ಅಂಟಿಸಬೇಕಂತೆ, ಪಕ್ಕದಲ್ಲಿ ಸೌಂಡ್ ಬಾಕ್ಸ್ ಇಡಬೇಕಂತೆ. ಯುಪಿಐ ಬಗ್ಗೆ ನನಗೇನೂ ಸಿಟ್ಟಿಲ್ಲ. ಎಳನೀರಿನವರಿಗೂ ಅದರಲ್ಲೇ ಕೊಡುವವನು ನಾನು. ಜೇಬಿನಲ್ಲಿ ಚಿಲ್ಲರೆ ಇಲ್ಲದವರೇ ಈಗ ಜಾಸ್ತಿ, ಅಲ್ವಾ? ಆದರೆ ಆ ಸೌಂಡ್ ಬಾಕ್ಸು ಕಾರಿಡಾರಿಗೆಲ್ಲ ಕೇಳುವ ಹಾಗೆ "ಹತ್ತು ರೂಪಾಯಿ ಬಂದಿದೆ" ಅಂತ ಕೂಗುತ್ತದೆ. ಹಿಂದೆ ನಿಂತವರು ಐನೂರು ಹಾಕಿದರೆ ಅದನ್ನೂ ಕೂಗುತ್ತದೆ. ನಾನು ಮಾತಿನಲ್ಲಿ ಹೇಳಲಿಲ್ಲ. ಸೆಕ್ರೆಟರಿಯವರ ಕೈಗೆ ಎರಡು ನಾಣ್ಯ ಕೊಟ್ಟು ಹಾಕಿಸಿದೆ. ಕಿವಿ ಹತ್ತಿರ ತಂದು ಕೇಳಿದರು. ಮತ್ತೆ ಜೇಬಿನಿಂದ ತಮ್ಮದೇ ಒಂದು ಹಾಕಿದರು.

ಕ್ಯೂಆರ್ ಈಗ ಔಷಧಿ ಕೌಂಟರಿನ ಹತ್ತಿರ ಬೇರೆ ಸ್ಟ್ಯಾಂಡಿನಲ್ಲಿದೆ. ಆದಾಯ ತೆರಿಗೆ ವಿನಾಯಿತಿಗೆ ರಸೀದಿ ಬೇಕಾದವರೂ ಅಲ್ಲಿಗೇ ಹೋಗಬೇಕು, 2,000 ರೂಪಾಯಿ ಮೀರಿದ ನಗದಿಗೆ ಆ ವಿನಾಯಿತಿ ಇಲ್ಲ. ಸೌಂಡ್ ಬಾಕ್ಸಿನ ವಾಲ್ಯೂಮು ಕಡಿಮೆ ಮಾಡಿದ್ದಾರೆ, ಪೂರ್ತಿ ಮುಚ್ಚಿಲ್ಲ. ಪೆಟ್ಟಿಗೆ ವಾರ್ಡಿನ ಬಾಗಿಲ ಪಕ್ಕ, ಹಳೇ ಮೊಳೆಗಳ ಗುರುತಿದ್ದ ಜಾಗದಲ್ಲೇ ಕೂತಿದೆ. ಗೋಡೆಗೂ ಬೆನ್ನಿಗೂ ನಡುವೆ ಅರ್ಧ ಇಂಚು ಜಾಗ ಬಿಟ್ಟಿದ್ದೇನೆ, ತೇವ ಹಿಡಿಯದಿರಲಿ ಅಂತ. ಒಂದು ಕೈ ಮೇಟ್ರನ್ ಹತ್ತಿರ, ಇನ್ನೊಂದು ಅಕೌಂಟೆಂಟ್ ಹತ್ತಿರ. ಬೀಗದ ಕಿಂಡಿಗಳ ಮೇಲೆ ಕಾಗದ, ಅದಕ್ಕೆ ಅರಗಿನ ಮುದ್ರೆ.

ತಿಂಗಳಾದ ಮೇಲೆ ತೆರೆಯಲು ನನ್ನನ್ನೂ ಕರೆದರು. ಹೋದರೆ ಮೇಟ್ರನ್ ರಜೆ, ಮೊಮ್ಮಗುವಿನ ನಾಮಕರಣ. ಎರಡು ಬೀಗ ಇಡಿಸಿದವನೇ ನಾನು, ಗೊಣಗುವ ಹಾಗಿಲ್ಲ. ಎರಡು ದಿನ ಬಿಟ್ಟು ಮತ್ತೆ ಹೋದೆ. ಮುದ್ರೆ ಒಡೆದು, ಮೇಲಿನ ಬೀಗ, ಕೆಳಗಿನ ಬೀಗ. ಅಂಗಡಿಯವರು ಬೇಡ ಅನ್ನುವ 10 ರೂಪಾಯಿ ನಾಣ್ಯಗಳೆಲ್ಲ ಇಲ್ಲಿಗೇ ಬಂದಿದ್ದವು. ಮಡಿಸಿ ಮಡಿಸಿ ಉಂಡೆಯಾದ ನೋಟುಗಳು. ಒಂದು ಸಿಟಿ ಬಸ್ಸಿನ ಟಿಕೆಟ್ಟು. ಯಾರದೋ ರಕ್ತಪರೀಕ್ಷೆಯ ಚೀಟಿ, ಹಿಂದೆ ಪೆನ್ನಿನಲ್ಲಿ 'ನಾರ್ಮಲ್' ಅಂತ ಬರೆದು ಎರಡು ಗೆರೆ ಎಳೆದದ್ದು.

ಆದರೆ ತಳದಲ್ಲಿ ಬಿದ್ದದ್ದಕ್ಕಿಂತ ಮೇಲೆ ಸಿಕ್ಕಿಕೊಂಡದ್ದೇ ಜಾಸ್ತಿ. ಯಾರೋ ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ, ಚಪ್ಪಟೆ ಮಾಡಿ ಸೀಳಿನಲ್ಲಿ ತುರುಕಿದ್ದಾರೆ. ಬಟ್ಟೆಯ ಗಂಟು ಕಂಬಳಿಯ ಉಣ್ಣೆಗೆ ಕಚ್ಚಿಕೊಂಡು ನಿಂತಿದೆ. ಅದರ ಹಿಂದೆ ಒಂದು ವಾರದ ನೋಟುಗಳು ಸಾಲುಗಟ್ಟಿವೆ. ಇದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಹುಂಡಿಗೆ ಹಾಕುವುದನ್ನೆಲ್ಲ ಜನ ಇಲ್ಲಿಗೂ ಹಾಕುತ್ತಾರೆ. ಮೇಟ್ರನ್ ಗಂಟು ಬಿಚ್ಚಿದರು. ಒಂದು ರೂಪಾಯಿ, ನಾಲ್ಕು ಕಾಳು ಅಕ್ಷತೆ.

ಕಂಬಳಿಯ ಮೇಲೆ ಈಗ ಅಂಗೈಯಷ್ಟು ಹಳದಿ ಕಲೆ. ಅದನ್ನು ಹಾಗೇ ಬಿಟ್ಟಿದ್ದೇನೆ. ಮುಂದಿನ ಭಾನುವಾರ ಕತ್ತರಿ ತಗೊಂಡು ಹೋಗಿ ಮೇಲಿನ ಎರಡು ಇಂಚಿನ ಉಣ್ಣೆಯನ್ನು ನುಣ್ಣಗೆ ಕತ್ತರಿಸಬೇಕು, ಇಳಿಜಾರನ್ನು ಇನ್ನೂ ಐದು ಡಿಗ್ರಿ ಏರಿಸಬೇಕು. 55ಕ್ಕೆ ಸದ್ದು ಬರುತ್ತದೋ ಇಲ್ಲವೋ, ಅಮ್ಮನನ್ನು ಕರೆದುಕೊಂಡು ಹೋಗಿ ಕೇಳಿಸಬೇಕು.